ಸಿಗ್ನಲ್ ‘ಆಫ್’ ಆದಾಗ ಗಾಡಿ ಹೊರಡುವುದೇಕೆ?

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನವಳು. ಡಿಪ್ಲೊಮಾ ಮುಗಿಸಿ ರೈಲ್ವೆಯಲ್ಲಿ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಆಯ್ಕೆಯಾಗಿದ್ದೇನೆ. ತರಬೇತಿಗೆ ಕರೆ ಬರುವ ಮೊದಲೇ ನಿಯಮಗಳ ಪುಸ್ತಕ ಓದಲು ಕುಳಿತಿದ್ದೇನೆ. ನಮ್ಮ ದೊಡ್ಡಪ್ಪ ಪಾಯಿಂಟ್ಸ್‌ಮನ್ ಆಗಿ ನಿವೃತ್ತರಾದವರು. ಅವರು ‘ಕೈ ಬಿತ್ತು’, ‘ಔಟರ್‌ನಲ್ಲಿ ನಿಲ್ಸಿದ್ದಾನೆ’, ‘ಕಾಷನ್ ಇದೆ’ ಎನ್ನುತ್ತಾರೆ. ಪುಸ್ತಕದಲ್ಲಿ ಹೋಮ್, ಸ್ಟಾರ್ಟರ್, ಅಡ್ವಾನ್ಸ್ಡ್ ಸ್ಟಾರ್ಟರ್, ಬ್ಲಾಕ್ ಸೆಕ್ಷನ್, ಆನ್, ಆಫ್ ಎಂದು ಬೇರೆಯೇ ಇದೆ. ಕೆಂಪು ಕಂಡರೆ ನಿಲ್ಲಬೇಕು ಎಂಬುದೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಕಲಸಿಹೋಗುತ್ತಿದೆ. ಯಾವ ಮಾತುಗಳನ್ನು ಮೊದಲು ಗಟ್ಟಿ ಮಾಡಿಕೊಳ್ಳಬೇಕು?

ಉತ್ತರ: ನಿಮ್ಮ ದೊಡ್ಡಪ್ಪನವರ ಮಾತೂ ತಪ್ಪಲ್ಲ, ಪುಸ್ತಕದ ಮಾತೂ ತಪ್ಪಲ್ಲ. ಅವರದು ಕೈಮರದ ಕಾಲದ ಮಾತು, ನಿಮ್ಮದು ದೀಪದ ಸಿಗ್ನಲ್‌ಗಳ ಕಾಲದ ಪುಸ್ತಕ. ಆದರೆ ಇವೆರಡನ್ನೂ ಒಂದೇ ಬಾಯಲ್ಲಿ ಬೆರೆಸಿ ಆಡಿದರೆ ಅಪಾಯವುಂಟು, ಏಕೆಂದರೆ ರೈಲ್ವೆಯಲ್ಲಿ ಒಂದು ಪದ ಎಂದರೆ ಬರಿಯ ಹೆಸರಲ್ಲ. ‘ಇಲ್ಲಿಯವರೆಗೆ ನಿನ್ನ ಅನುಮತಿ, ಇಲ್ಲಿಂದಾಚೆಗೆ ಇಲ್ಲ’ ಎಂದು ನೆಟ್ಟ ಗಡಿಕಲ್ಲು. ಆದ್ದರಿಂದ ಪದಗಳನ್ನು ಅಕಾರಾದಿಯಾಗಿ ಉರುಹೊಡೆಯಬೇಡಿ. ಪ್ರತಿಯೊಂದು ಪದವೂ ಯಾವ ಗಡಿಯನ್ನು ಹೇಳುತ್ತದೆ, ಆ ಗಡಿಯನ್ನು ದಾಟಲು ಯಾರ ಒಪ್ಪಿಗೆ ಬೇಕು ಎಂದು ಕೇಳಿಕೊಳ್ಳುತ್ತ ಹೋಗಿ.

ಮೊಟ್ಟಮೊದಲು ಆನ್ ಮತ್ತು ಆಫ್. ಹೊಸಬರೆಲ್ಲರೂ ಎಡವುವುದು ಇಲ್ಲೇ. ಮನೆಯಲ್ಲಿ ಸ್ವಿಚ್ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಆಫ್ ಮಾಡಿದರೆ ನಿಲ್ಲುತ್ತದೆ. ಸಿಗ್ನಲ್‌ನಲ್ಲಿ ಇದು ತಿರುವುಮುರುವು. ಸಿಗ್ನಲ್ ‘ಆನ್’ ಎಂದರೆ ಅದು ತನ್ನ ಅತ್ಯಂತ ಬಿಗಿಯಾದ ಸೂಚನೆಯನ್ನು ತೋರಿಸುತ್ತಿದೆ ಎಂದರ್ಥ. ನಿಲುಗಡೆ ಸಿಗ್ನಲ್ ಆದರೆ ಕೆಂಪು. ‘ಆಫ್’ ಎಂದರೆ ಆ ಬಿಗಿಯನ್ನು ಸಡಿಲಿಸಿ ಮುಂದೆ ಹೋಗಲು ಬಿಟ್ಟಿದೆ ಎಂದರ್ಥ. ತಡೆಯುವುದೇ ಸಿಗ್ನಲ್‌ನ ಕೆಲಸ ಎಂದುಕೊಳ್ಳಿ: ತಡೆ ಜಾರಿಯಲ್ಲಿದ್ದರೆ ಆನ್, ತಡೆ ತೆಗೆದರೆ ಆಫ್. ಇಲ್ಲಿಗೇ ಮುಗಿಯಲಿಲ್ಲ. ದೀಪವೇ ಆರಿಹೋದ ಸಿಗ್ನಲ್ ಎದುರಾದರೆ ಅದು ‘ಆಫ್’ ಅಲ್ಲ; ಆ ಸಿಗ್ನಲ್ ತೋರಿಸಬಹುದಾದ ಅತ್ಯಂತ ಬಿಗಿಯಾದ ಸೂಚನೆಯನ್ನೇ ತೋರಿಸುತ್ತಿದೆ ಎಂದು ಭಾವಿಸಿ ನಡೆಯಬೇಕು, ಅಂದರೆ ಅದು ಆನ್. ದೀಪ ಆಫ್ ಆದರೆ ಸಿಗ್ನಲ್ ಆನ್. ಈ ಒಂದು ವಾಕ್ಯವನ್ನು ನಗುತ್ತ ಹೇಳಿಕೊಂಡು ಮರೆಯದಿದ್ದರೆ ಸಾಕು.

ನಿಮ್ಮ ದೊಡ್ಡಪ್ಪನವರ ‘ಕೈ ಬಿತ್ತು’ ಎಂಬುದು ಇದೇ ‘ಆಫ್’. ಹಳೆಯ ಕೈಮರದಲ್ಲಿ ಕೈ ಅಡ್ಡಕ್ಕೆ ಚಾಚಿದ್ದರೆ ನಿಲ್ಲು, ಓರೆಯಾಗಿ ಕೆಳಗಿಳಿದರೆ ಹೋಗು. ತಂತಿ ತುಂಡಾದರೆ ತೂಕದ ಬಲದಿಂದ ಕೈ ತಾನಾಗಿ ಅಡ್ಡಕ್ಕೆ ಬಂದು ನಿಲ್ಲುವಂತೆ ಅದನ್ನು ಕಟ್ಟಿರುತ್ತಿದ್ದರು. ಕೆಟ್ಟರೂ ತಡೆಯುವ ಕಡೆಗೇ ಕೆಡಬೇಕು ಎಂಬ ಲೆಕ್ಕಾಚಾರ ಅದು. ಇನ್ನೊಂದು ಬಗೆಯ ಕೈಮರದಲ್ಲಿ ಕೈ ಮೇಲಕ್ಕೆ ಏಳುತ್ತಿತ್ತು: ಅಡ್ಡಕ್ಕಿದ್ದರೆ ನಿಲ್ಲು, 45 ಡಿಗ್ರಿಗೆ ಎದ್ದರೆ ಎಚ್ಚರ, ನೆಟ್ಟಗಾದರೆ ಹೋಗು. ಆ ಬಗೆಯದರ ಮುಂದೆ ‘ಕೈ ಬಿತ್ತು’ ಎಂದರೆ ಅರ್ಥ ಪೂರ್ತಿ ಉಲ್ಟಾ ಆಗುತ್ತದೆ. ಬಿದ್ದದ್ದು, ಎದ್ದದ್ದು ಎಂದು ಆಕಾರವನ್ನು ಹೇಳದೆ ಆನ್, ಆಫ್ ಎಂದು ಅರ್ಥವನ್ನು ಹೇಳುವ ಪುಸ್ತಕದ ಪದ್ಧತಿ ಎಷ್ಟು ಲೇಸು ಎಂಬುದು ಇದರಿಂದ ತಿಳಿಯುತ್ತದೆ. ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿ ಸಿ.ಎಫ್.ಟಿ.ಆರ್.ಐ. ಎದುರಿಗೆ 1979ರಲ್ಲಿ ಆರಂಭವಾದ ರೈಲು ಸಂಗ್ರಹಾಲಯವಿದೆ. ಅಲ್ಲಿ ಎಂಜಿನ್‌ಗಳ ಜೊತೆಗೆ ಹಳೆಯ ಸಿಗ್ನಲ್‌ಗಳನ್ನೂ ದೀಪಗಳನ್ನೂ ಇಟ್ಟಿದ್ದಾರೆ. ದೊಡ್ಡಪ್ಪನವರನ್ನು ಕರೆದುಕೊಂಡು ಒಮ್ಮೆ ಹೋಗಿ ಬನ್ನಿ. ಒಂದು ಪಾಠದ ಹೊತ್ತು ಅಲ್ಲೇ ಉಳಿಯುತ್ತದೆ.

ಈಗ ಗಡಿಗಳ ವಿಷಯ. ಮದ್ದೂರಿನ ಕಡೆಯಿಂದ ಮೈಸೂರಿಗೆ ಹೊರಟ ಗಾಡಿಯೊಂದು ಮಂಡ್ಯದಲ್ಲಿ ನಿಂತು ಹೋಗಬೇಕಾಗಿದೆ, ನೀವು ಎಂಜಿನ್‌ನಲ್ಲಿ ಸಹಾಯಕರ ಆಸನದಲ್ಲಿ ಕುಳಿತಿದ್ದೀರಿ ಎಂದುಕೊಳ್ಳಿ. ಮೊದಲು ಸಿಗುವುದು ಡಿಸ್ಟೆಂಟ್ ಸಿಗ್ನಲ್. ಅದರ ಕಂಬದಲ್ಲಿ ಬಿಳಿಯ ದುಂಡು ಬಿಲ್ಲೆಯ ಮೇಲೆ ಕಪ್ಪಕ್ಷರದಲ್ಲಿ ‘ಪಿ’ ಎಂದು ಬರೆದಿರುತ್ತದೆ. ಇದು ನಿಲುಗಡೆ ಸಿಗ್ನಲ್ಲೇ ಅಲ್ಲ, ಮುಂದಿನ ನಿಲುಗಡೆ ಸಿಗ್ನಲ್ ಹೇಗಿದೆ ಎಂದು ಮುಂಚಿತವಾಗಿ ತಿಳಿಸುವ ಡಂಗುರದವನು. ಇದರಲ್ಲಿ ಒಂದು ಹಳದಿ ಕಂಡರೆ ಮುಂದಿನ ಸಿಗ್ನಲ್‌ನಲ್ಲಿ ನಿಲ್ಲಲು ಸಿದ್ಧರಾಗಿ ಹೋಗಬೇಕು. ಎರಡು ಹಳದಿ ಕಂಡರೆ ಮುಂದಿನ ಸಿಗ್ನಲ್ಲನ್ನು ಗೊತ್ತುಪಡಿಸಿದ ಕಡಿಮೆ ವೇಗದಲ್ಲಿ ದಾಟಲು ಸಿದ್ಧರಾಗಬೇಕು. ಹಸಿರಾದರೆ ಗೊತ್ತೇ ಇದೆ. ಎರಡು ಹಳದಿಯನ್ನು ಒಂದು ಹಳದಿಗಿಂತ ಹೆಚ್ಚು ಅಪಾಯ ಎಂದು ತಿಳಿಯುವವರು ಬಹಳ ಮಂದಿ. ವಾಸ್ತವದಲ್ಲಿ ಎರಡು ಹಳದಿ ಒಂದಕ್ಕಿಂತ ಸಡಿಲವಾದ ಸೂಚನೆ. ಹೆಚ್ಚಿನ ವೇಗದ ಮಾರ್ಗಗಳಲ್ಲಿ ಡಿಸ್ಟೆಂಟ್ ಎರಡಿರುತ್ತವೆ: ಹೋಮ್‌ಗೆ ಸುಮಾರು 2 ಕಿ.ಮೀ. ದೂರದಲ್ಲಿ ಡಿಸ್ಟೆಂಟ್, ಸುಮಾರು 1 ಕಿ.ಮೀ. ದೂರದಲ್ಲಿ ಇನ್ನರ್ ಡಿಸ್ಟೆಂಟ್.

ಆಮೇಲೆ ಹೋಮ್ ಸಿಗ್ನಲ್. ನಿಲ್ದಾಣದ ಮೊದಲ ನಿಲುಗಡೆ ಸಿಗ್ನಲ್ ಇದು; ಇದೇ ಊರ ಬಾಗಿಲು. ಮಂಡ್ಯ, ಮೈಸೂರು ಕಡೆಯ ಪ್ರಯಾಣಿಕರು ‘ಔಟರ್‌ನಲ್ಲಿ ಅರ್ಧ ಗಂಟೆ ನಿಲ್ಸ್‌ಬಿಟ್ಟ’ ಎಂದು ಗೊಣಗುತ್ತಾರಲ್ಲ, ಆ ಗಾಡಿ ಈಗ ನಿಂತಿರುವುದು ಹೋಮ್ ಸಿಗ್ನಲ್ ಬಳಿ. ಔಟರ್ ಎಂಬ ಸಿಗ್ನಲ್ ಇದ್ದದ್ದು ಎರಡೇ ಸೂಚನೆಗಳ ಹಳೆಯ ಕೈಮರದ ವ್ಯವಸ್ಥೆಯಲ್ಲಿ, ಹೋಮ್‌ಗಿಂತ ಹೊರಗೆ. ಬಹು ಸೂಚನೆಯ ಬಣ್ಣದ ದೀಪಗಳ ವ್ಯವಸ್ಥೆಯಲ್ಲಿ ಅದಿಲ್ಲ. ಸಿಗ್ನಲ್ ಹೋದರೂ ಹೆಸರು ಜನರ ಬಾಯಲ್ಲಿ ಉಳಿದಿದೆ, ಅಷ್ಟೆ. ಜನ ಹೇಳಲಿ, ನೀವು ವಾಕಿಟಾಕಿಯಲ್ಲಿ ಹೇಳಬೇಡಿ.

ಹೋಮ್ ದಾಟಿ ಪ್ಲಾಟ್‌ಫಾರಂಗೆ ಬಂದರೆ ಅದರ ತುದಿಯಾಚೆ ಸ್ಟಾರ್ಟರ್. ಸಾಮಾನ್ಯವಾಗಿ ಪ್ರತಿ ಲೈನಿಗೂ ಒಂದೊಂದು ಇರುತ್ತದೆ. ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವ ಮುಂದಿನ ಪಾಯಿಂಟುಗಳನ್ನೂ, ಅಕ್ಕಪಕ್ಕದ ಲೈನ್‌ನಿಂದ ಬಂದು ಕೂಡಿಕೊಳ್ಳುವ ಗಾಡಿಗಳನ್ನೂ ಕಾಯುವುದು ಅದರ ಕೆಲಸ. ಎಲ್ಲ ಲೈನುಗಳೂ ಸೇರಿ ಒಂದಾದ ಮೇಲೆ, ಕೊನೆಯ ಪಾಯಿಂಟುಗಳಿಂದಾಚೆ ಅಡ್ವಾನ್ಸ್ಡ್ ಸ್ಟಾರ್ಟರ್ ಇರುತ್ತದೆ. ಇದು ಆ ನಿಲ್ದಾಣದ ಕಡೆಯ ನಿಲುಗಡೆ ಸಿಗ್ನಲ್. ಸ್ಟಾರ್ಟರ್ ಹಳದಿಯಾಗಿ ಗಾಡಿ ಹೊರಟಿತೆಂದರೆ ಮುಂದಿನ ನಿಲ್ದಾಣದ ತನಕ ದಾರಿ ಸಿಕ್ಕಿತೆಂದು ಅರ್ಥವಲ್ಲ. ಅಡ್ವಾನ್ಸ್ಡ್ ಸ್ಟಾರ್ಟರ್‌ವರೆಗೆ ಮಾತ್ರ ಸಿಕ್ಕಿದೆ. ಅಡ್ವಾನ್ಸ್ಡ್ ಸ್ಟಾರ್ಟರ್ ಇಲ್ಲದ ನಿಲ್ದಾಣದಲ್ಲಿ ಸ್ಟಾರ್ಟರೇ ಕಡೆಯ ನಿಲುಗಡೆ ಸಿಗ್ನಲ್ ಆಗುತ್ತದೆ. ಹೀಗಾಗಿ ‘ಕಡೆಯ ನಿಲುಗಡೆ ಸಿಗ್ನಲ್’ ಎಂಬುದು ಹುದ್ದೆ, ‘ಅಡ್ವಾನ್ಸ್ಡ್ ಸ್ಟಾರ್ಟರ್’ ಎಂಬುದು ಆ ಹುದ್ದೆಯಲ್ಲಿ ಕುಳಿತವರ ಹೆಸರು ಎಂದು ನೆನಪಿಟ್ಟುಕೊಳ್ಳಿ. ಯಾವ ನಿಲ್ದಾಣದಲ್ಲಿ ಏನಿದೆ ಎಂಬುದು ಆಯಾ ನಿಲ್ದಾಣದ ಕಾರ್ಯನಿಯಮಗಳಲ್ಲಿ ಇರುತ್ತದೆ. ನಿಮಗೆ ಅದನ್ನು ಕಲಿಸುವುದು ರೋಡ್ ಲರ್ನಿಂಗ್: ಹಗಲೂ ರಾತ್ರಿಯೂ ಆ ಮಾರ್ಗದಲ್ಲಿ ಓಡಾಡಿ ಕಣ್ಣಿಗೆ ರೂಢಿ ಮಾಡಿಕೊಳ್ಳುವುದು.

ಈ ಕಡೆಯ ನಿಲುಗಡೆ ಸಿಗ್ನಲ್‌ನಿಂದ ಮುಂದಿನ ನಿಲ್ದಾಣದ ಹೋಮ್‌ವರೆಗಿನ ದಾರಿಯೇ, ಜೋಡಿ ಹಳಿಯಲ್ಲಿ, ಬ್ಲಾಕ್ ಸೆಕ್ಷನ್. ಅದರೊಳಗೆ ಒಂದು ಹೊತ್ತಿಗೆ ಒಂದೇ ಗಾಡಿ; ಸಂಪೂರ್ಣ ಬ್ಲಾಕ್ ಪದ್ಧತಿಯ ತಿರುಳು ಇಷ್ಟೇ. ಅದರೊಳಗೆ ಗಾಡಿ ಬಿಡಬೇಕಾದರೆ ಹಿಂದಿನ ನಿಲ್ದಾಣದ ಮಾಸ್ಟರು ಮುಂದಿನ ನಿಲ್ದಾಣದವರನ್ನು ಕೇಳಿ ಪಡೆಯಬೇಕಾದ ಒಪ್ಪಿಗೆಯೇ ಲೈನ್ ಕ್ಲಿಯರ್. ಈಗ ‘ಲೈನ್ ಕ್ಲಿಯರ್’ ನಮ್ಮ ದಿನದ ಮಾತಾಗಿಬಿಟ್ಟಿದೆ. ಮದುವೆಗೆ ಮನೆಯವರು ಒಪ್ಪಿದರೂ ಲೈನ್ ಕ್ಲಿಯರ್, ಟೆಂಡರ್‌ಗೆ ಸರ್ಕಾರ ಒಪ್ಪಿದರೂ ಲೈನ್ ಕ್ಲಿಯರ್. ಆ ಬಳಕೆಯಲ್ಲಿ ಅಡ್ಡಿ ಇಲ್ಲ ಎಂಬರ್ಥವಷ್ಟೇ ಉಳಿದಿದೆ. ಮೂಲದಲ್ಲಿ ಅದು ಹೊಣೆ ಹೊತ್ತು ಕೊಡುವ ಮಾತು. ಅದನ್ನು ಕೊಡುವಾತನು ಹಿಂದೆ ಬಂದ ಗಾಡಿ ಪೂರ್ತಿಯಾಗಿ ಬಂದಿದೆಯೆಂದೂ, ಅದರ ಬೆನ್ನಿಗೆ ಸಿಗ್ನಲ್‌ಗಳನ್ನು ಮತ್ತೆ ಆನ್ ಮಾಡಲಾಗಿದೆಯೆಂದೂ, ದಾರಿ ಹೋಮ್‌ವರೆಗೆ ಮಾತ್ರವಲ್ಲದೆ ಅದರಾಚೆ ಇನ್ನೂ 180 ಮೀಟರ್ ಖಾಲಿ ಇದೆಯೆಂದೂ ಖಚಿತಪಡಿಸಿಕೊಂಡಿರಬೇಕು. ಹಳೆಯ ಎರಡು ಸೂಚನೆಯ ಕೈಮರದ ನಿಲ್ದಾಣಗಳಲ್ಲಿ ಈ ಹೆಚ್ಚುವರಿ ದೂರ 400 ಮೀಟರ್. ಚಾಲಕನ ಅಂದಾಜು ತಪ್ಪಿ ಗಾಡಿ ಹೋಮನ್ನು ಸ್ವಲ್ಪ ದಾಟಿ ಬಂದರೂ ಏನನ್ನೂ ಗುದ್ದಬಾರದು ಎಂದು ಇಟ್ಟ ಅಂಚು ಅದು.

ಇಲ್ಲೊಂದು ಸೂಕ್ಷ್ಮವಿದೆ. ಲೈನ್ ಕ್ಲಿಯರ್ ಸಿಗುವುದು ಮಾಸ್ಟರಿಗೆ. ನಿಮಗೆ ಸಿಗುವುದು ‘ಮುಂದುವರಿಯುವ ಅಧಿಕಾರ’. ಜೋಡಿ ಹಳಿಯಲ್ಲಿ ಕಡೆಯ ನಿಲುಗಡೆ ಸಿಗ್ನಲ್ ಆಫ್ ಆಗುವುದೇ ಆ ಅಧಿಕಾರ. ಲೈನ್ ಕ್ಲಿಯರ್ ಸಿಗದೆ ಆ ಸಿಗ್ನಲ್ ಆಫ್ ಆಗದಂತೆ, ಎರಡು ನಿಲ್ದಾಣಗಳ ನಡುವೆ ಆ ಒಪ್ಪಿಗೆ ಕೊಟ್ಟು ಪಡೆಯುವ ಬ್ಲಾಕ್ ಯಂತ್ರಕ್ಕೆ ಅದನ್ನು ಬಿಗಿದಿರುತ್ತಾರೆ. ಒಂಟಿ ಹಳಿಯಲ್ಲಿ ಎದುರಿನಿಂದಲೂ ಗಾಡಿ ಬರಬಹುದಾದ್ದರಿಂದ ಹಿಂದೆ ಟೋಕನ್ ಪದ್ಧತಿ ಇತ್ತು. ನೀಲ್ಸ್ ಯಂತ್ರದಿಂದ ಉರುಳಿ ಬರುತ್ತಿದ್ದ ಉಕ್ಕಿನ ಚೆಂಡನ್ನು ಚೀಲಕ್ಕೆ ಹಾಕಿ, ಆ ಚೀಲವನ್ನು ದೊಡ್ಡ ಬಳೆಗೆ ಕಟ್ಟಿ, ಪಾಯಿಂಟ್ಸ್‌ಮನ್ ಪ್ಲಾಟ್‌ಫಾರಂ ಮೇಲೆ ನಿಂತು ಎತ್ತಿ ಹಿಡಿದರೆ, ಓಡುವ ಎಂಜಿನ್‌ನಿಂದ ಫೈರ್‌ಮನ್ ತೋಳು ತೂರಿಸಿ ಅದನ್ನು ಕಿತ್ತುಕೊಳ್ಳುತ್ತಿದ್ದ. ದೊಡ್ಡಪ್ಪನವರನ್ನು ಕೇಳಿ ನೋಡಿ, ತೋಳಿನ ಮೇಲೆ ಬಾಸುಂಡೆ ಬಂದವರ ಕಥೆ ಅವರ ಬಳಿ ಖಂಡಿತ ಇರುತ್ತದೆ. ಆ ಚೆಂಡು ಕೈಯಲ್ಲಿ ಇಲ್ಲದೆ ಸೆಕ್ಷನ್‌ಗೆ ಕಾಲಿಡುವಂತಿರಲಿಲ್ಲ. ಯಂತ್ರವೇ ಕೆಟ್ಟರೆ ಕಾಗದದ ಲೈನ್ ಕ್ಲಿಯರ್ ಟಿಕೆಟ್. ಫೋನಿನಲ್ಲಿ ಮಾಸ್ಟರುಗಳು ಒಪ್ಪಿಗೆ ಕೊಡುವಾಗ, ಮುಂಚೆಯೇ ಅಚ್ಚಾಗಿ ಬಂದ ಹಾಳೆಯಿಂದ ಒಂದು ಗುಪ್ತ ಸಂಖ್ಯೆಯನ್ನು ಓದಿ ಹೇಳುತ್ತಾರೆ. ಅದಕ್ಕೆ ಪ್ರೈವೇಟ್ ನಂಬರ್ ಎನ್ನುತ್ತಾರೆ. ‘ಹೇಳಿದೆ’, ‘ಹೇಳಲಿಲ್ಲ’ ಎಂಬ ಜಗಳಕ್ಕೆ ಆಸ್ಪದವೇ ಇಲ್ಲದಂತೆ ಮಾಡಿದ ಉಪಾಯವಿದು. ಬಳಸಿದ ಸಂಖ್ಯೆಯನ್ನು ಆ ಹಾಳೆಯಲ್ಲಿ ಅಲ್ಲಲ್ಲೇ ಹೊಡೆದುಹಾಕಬೇಕು.

ಇನ್ನು ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕೆಂದಿರುವ ಮಾತು: ಹಿಂದೆ ಮತ್ತು ಮುಂದೆ. ನಿಯಮಪುಸ್ತಕದಲ್ಲಿ ‘ಇನ್ ರಿಯರ್’, ‘ಇನ್ ಅಡ್ವಾನ್ಸ್’ ಎಂಬ ಎರಡು ಪ್ರಯೋಗಗಳು ಪುಟಪುಟದಲ್ಲೂ ಬರುತ್ತವೆ. ಗಾಡಿ ಇನ್ನೂ ಮುಟ್ಟದ, ಗಾಡಿ ಬರುವ ಕಡೆಯ ಭಾಗ ಸಿಗ್ನಲ್‌ನ ‘ರಿಯರ್’. ಸಿಗ್ನಲ್ ದಾಟಿದ ಮೇಲಿನ ಭಾಗ ‘ಅಡ್ವಾನ್ಸ್’. ಕನ್ನಡದಲ್ಲಿ ನಾವು ‘ಗಾಡಿ ಸಿಗ್ನಲ್ ಮುಂದೆ ನಿಂತಿದೆ’ ಎಂದಾಗ ಮನೆ ಮುಂದೆ ನಿಂತಂತೆ, ಸಿಗ್ನಲ್ಲನ್ನು ನೋಡುತ್ತ ಈಚೆಗೆ ನಿಂತಿದೆ ಎಂದೇ ಅರ್ಥ. ಪುಸ್ತಕದ ಲೆಕ್ಕದಲ್ಲಿ ಆ ಗಾಡಿ ಇರುವುದು ಸಿಗ್ನಲ್‌ನ ಹಿಂದೆ. ಒಂದೇ ಗಾಡಿ, ಒಂದೇ ಜಾಗ, ಎರಡು ಭಾಷೆಯಲ್ಲಿ ಎರಡು ವಿರುದ್ಧ ಮಾತು.

ಇದು ನನಗೆ ಬಡಿದು ಬುದ್ಧಿ ಬಂದ ವಿಷಯ. ಸಣ್ಣ ನಿಲ್ದಾಣವೊಂದರಲ್ಲಿ ನಾನು ರಾತ್ರಿ ಪಾಳಿಯ ಸ್ಟೇಷನ್ ಮಾಸ್ಟರ್ ಆಗಿದ್ದೆ. ಜೋರು ಮಳೆ, ಹೋಮ್ ಸಿಗ್ನಲ್ ಕೆಟ್ಟಿತ್ತು. ಗೂಡ್ಸ್ ಗಾಡಿಯೊಂದು ಅಲ್ಲಿ ನಿಂತಿತ್ತು. ಆನ್ ಇರುವ ಸಿಗ್ನಲ್ಲನ್ನು ದಾಟಲು ಕೊಡುವ ಟಿ/369(3ಬಿ) ಎಂಬ ಕಾಗದವನ್ನು ಬರೆದು ಪಾಯಿಂಟ್ಸ್‌ಮನ್ ಕೈಯಲ್ಲಿ ಕಳಿಸಿದ್ದೆ. ಸ್ವಲ್ಪ ಹೊತ್ತಿನ ಮೇಲೆ ವಾಕಿಟಾಕಿಯಲ್ಲಿ ‘ಹೋಮ್ ಮುಂದೆ ಇದೀವಿ ಸಾರ್’ ಎಂದು ಚಾಲಕರ ದನಿ ಬಂತು. ಕಾಗದ ಸಿಕ್ಕಿ ಹೋಮ್ ದಾಟಿ ಒಳಗೆ ಬಂದಿದ್ದಾರೆ ಎಂದು ನಾನು ತಿಳಿದೆ. ಹಿಂದಿನ ನಿಲ್ದಾಣದವರು ಇನ್ನೊಂದು ಗಾಡಿಗೆ ಒಪ್ಪಿಗೆ ಕೇಳಲು ಕಾಯುತ್ತಿದ್ದರು. ಗಾಡಿ ಸೆಕ್ಷನ್ ಬಿಟ್ಟಿತು ಎಂದು ತಿಳಿಸಲು ನನ್ನ ಕೈ ಬ್ಲಾಕ್ ಯಂತ್ರದ ಕಡೆಗೆ ಹೋಗಿತ್ತು ಕೂಡ. ಬಾಗಿಲಲ್ಲಿ ಲಾಟೀನು ಹಿಡಿದು ನಿಂತಿದ್ದ ಇನ್ನೊಬ್ಬ ಪಾಯಿಂಟ್ಸ್‌ಮನ್ ‘ಸಾರ್, ಎಂಜಿನ್ನೇ ಕಾಣ್ತಿಲ್ಲ, ಎಲ್‌ವಿ ಯಾರು ನೋಡಿದ್ರು?’ ಎಂದ. ಗಾಡಿ ಇದ್ದ ಜಾಗದಿಂದ ಕದಲಿಯೇ ಇರಲಿಲ್ಲ. ಚಾಲಕರು ಅಚ್ಚ ಕನ್ನಡದಲ್ಲಿ ಹೋಮ್ ಎದುರಿಗೇ ಕಾಯುತ್ತಿದ್ದೇವೆ ಎಂದಿದ್ದರು. ತಪ್ಪು ನನ್ನದು. ಮಾತು ಕೇಳಿ ಅಲ್ಲ, ಗಾಡಿಯ ಬಾಲ ನೋಡಿ ಹೇಳಬೇಕಾದ ವಿಷಯವನ್ನು ಮಾತಿನ ಮೇಲೆ ಹೇಳಹೊರಟಿದ್ದೆ. ಅಂದಿನಿಂದ ನಾನು ‘ಮುಂದೆ’, ‘ಹಿಂದೆ’ ಎಂಬ ಮಾತುಗಳನ್ನು ಕೆಲಸದಲ್ಲಿ ಬಿಟ್ಟೇಬಿಟ್ಟೆ. ‘ಹೋಮ್ ದಾಟಿಲ್ಲ, ಹೋಮ್‌ನಲ್ಲಿ ನಿಂತಿದ್ದೇವೆ’ ಅಥವಾ ‘ಹೋಮ್ ದಾಟಿ ಎರಡನೇ ಲೈನಿನಲ್ಲಿ ನಿಂತಿದ್ದೇವೆ’ ಎಂದು ಹೇಳಿ. ದಾಟುವುದು, ದಾಟದಿರುವುದು ಎಂಬುದರಲ್ಲಿ ಎರಡರ್ಥವಿಲ್ಲ.

ಆ ಪಾಯಿಂಟ್ಸ್‌ಮನ್ ಕೇಳಿದ ‘ಎಲ್‌ವಿ’ ಎಂದರೆ ಗಾಡಿಯ ಕಟ್ಟಕಡೆಯ ಬೋಗಿಯ ಬೆನ್ನಿಗೆ ನೇತುಹಾಕುವ ಫಲಕ. ಪ್ರಯಾಣಿಕರ ಗಾಡಿಯಲ್ಲಿ ಕಡೆಯ ಬೋಗಿಯ ಮೇಲೆ ದೊಡ್ಡ ‘ಎಕ್ಸ್’ ಗುರುತು ಬಳಿದಿರುವುದನ್ನೂ ನೀವು ನೋಡಿರುತ್ತೀರಿ. ರಾತ್ರಿಗೆ ಕೆಂಪು ಬಾಲದೀಪ. ಇದು ಕಂಡರೆ ಗಾಡಿ ಪೂರ್ತಿ ಬಂದಿದೆ. ಕಾಣದಿದ್ದರೆ ಒಂದಷ್ಟು ಬೋಗಿಗಳು ಕಳಚಿಕೊಂಡು ಸೆಕ್ಷನ್‌ನಲ್ಲೇ ಉಳಿದಿರಬಹುದು.

ಕೆಂಪು ಕಂಡರೆ ನಿಲ್ಲಬೇಕು ಎಂಬುದಷ್ಟೇ ಸ್ಪಷ್ಟವಿದೆ ಎಂದು ಬರೆದಿದ್ದೀರಿ. ನಿಲ್ಲುವುದೇನೋ ಸರಿ, ನಿಂತ ಮೇಲೆ ಏನು ಎಂಬುದರಲ್ಲಿ ಎಲ್ಲ ಕೆಂಪೂ ಒಂದೇ ಅಲ್ಲ. ಅದನ್ನು ಹೇಳುವುದು ಕಂಬದ ಮೇಲಿನ ಬಿಲ್ಲೆ. ಯಾವ ಬಿಲ್ಲೆಯೂ ಇಲ್ಲದ ನಿಲುಗಡೆ ಸಿಗ್ನಲ್ ಕೆಂಪಿದ್ದರೆ, ಮಾಸ್ಟರಿಂದ ನಿಯಮದಂತೆ ಅಧಿಕಾರ ಬರುವ ತನಕ, ಗಂಟೆಗಟ್ಟಲೆಯಾದರೂ ಸರಿ, ಅಲ್ಲೇ. ಬಿಳಿ ಬಿಲ್ಲೆಯ ಮೇಲೆ ಕಪ್ಪು ‘ಎ’ ಇದ್ದರೆ ಅದು ಆಟೋಮ್ಯಾಟಿಕ್ ಸಿಗ್ನಲ್; ಗಾಡಿ ದಾಟಿದಾಗ ತಾನಾಗಿ ಕೆಂಪಾಗಿ, ಮುಂದಿನ ದಾರಿ ತೆರವಾದಂತೆ ತಾನಾಗಿ ಹಸಿರಿಗೆ ಬರುವಂಥದ್ದು. ಇಲ್ಲಿ ಹಗಲಾದರೆ 1 ನಿಮಿಷ, ರಾತ್ರಿಯಾದರೆ 2 ನಿಮಿಷ ಕಾದು, ನಿಗದಿತ ಸೀಟಿ ಹಾಕಿ, ಟ್ರೈನ್ ಮ್ಯಾನೇಜರ್ (ಹಿಂದೆ ಗಾರ್ಡ್ ಎನ್ನುತ್ತಿದ್ದವರು) ಜೊತೆ ಸಂಕೇತ ವಿನಿಮಯ ಮಾಡಿಕೊಂಡು, ಮುಂದೆ ಹಳಿಯ ಮೇಲೆ ಗಾಡಿಯೇ ನಿಂತಿದೆ ಎಂಬ ಭಾವನೆಯಿಂದ ಅತ್ಯಂತ ಎಚ್ಚರದಲ್ಲಿ ಮುಂದಿನ ಸಿಗ್ನಲ್‌ವರೆಗೆ ಸಾಗಬಹುದು. ಹಳದಿ ಬಿಲ್ಲೆಯ ಮೇಲೆ ಕಪ್ಪು ‘ಜಿ’ ಇದ್ದರೆ ಅದು ರೈಲ್ವೆ ಗೇಟನ್ನು ಕಾಯುವ ಸಿಗ್ನಲ್. ಅಲ್ಲಿಯೂ ಸೀಟಿ ಹಾಕಿ, ಹಗಲು 1 ನಿಮಿಷ, ರಾತ್ರಿ 2 ನಿಮಿಷ ಕಾಯಬೇಕು. ಆದರೆ ಆಮೇಲೆ ಸಿಗುವ ದಾರಿ ಗೇಟಿನ ತನಕ ಮಾತ್ರ. ಗೇಟ್‌ಮನ್ ಇದ್ದು ಕೈಸನ್ನೆ ತೋರಿಸಿದರೆ ದಾಟಬೇಕು, ಇಲ್ಲದಿದ್ದರೆ ಗೇಟು ಮುಚ್ಚಿದೆಯೇ ಎಂದು ಖಚಿತ ಮಾಡಿಕೊಂಡು ದಾಟಬೇಕು. ಆ ಇಳಿದು ನೋಡುವ ಕೆಲಸ ಬಹುಮಟ್ಟಿಗೆ ಸಹಾಯಕರದೇ ಆಗುತ್ತದೆ. ‘ಐಬಿ’ ಎಂಬ ಗುರುತಿದ್ದರೆ ಎರಡು ನಿಲ್ದಾಣಗಳ ನಡುವಿನ ಉದ್ದದ ಸೆಕ್ಷನ್ನನ್ನು ಎರಡಾಗಿ ಸೀಳಲು ನೆಟ್ಟ ಸಿಗ್ನಲ್. ಅಲ್ಲಿ ಕಂಬದ ಫೋನಿನಲ್ಲಿ ಹಿಂದಿನ ನಿಲ್ದಾಣದ ಮಾಸ್ಟರನ್ನು ಕೇಳಬೇಕು. ಫೋನೂ ಕೆಟ್ಟಿದ್ದರೆ 5 ನಿಮಿಷ ಕಾದು ಎಚ್ಚರದಿಂದ ಹೋಗಬೇಕು. ಬಿಲ್ಲೆಯನ್ನು ನೋಡದೆ ಬಣ್ಣವನ್ನಷ್ಟೇ ನೋಡಿದವನು ‘ಎ’ ಇಲ್ಲದ ಕೆಂಪನ್ನು ಎರಡು ನಿಮಿಷ ಕಾದು ದಾಟಿಬಿಟ್ಟರೆ, ಅದು ಅಪಾಯದ ಸಿಗ್ನಲ್ ದಾಟಿದ ಪ್ರಕರಣ. ಸ್ಪ್ಯಾಡ್ ಎಂದು ಕರೆಯುವ ಈ ತಪ್ಪಿಗೆ ನೌಕರಿಯೇ ಹೋಗಬಹುದು.

ಕೆಂಪು ದೀಪದ ಕೆಳಗೆ, ಅದೇ ಕಂಬದಲ್ಲಿ, ಸಣ್ಣ ಹಳದಿ ದೀಪವೊಂದು ಹೊತ್ತಿಕೊಂಡರೆ ಅದು ಕಾಲಿಂಗ್ ಆನ್ ಸಿಗ್ನಲ್. ಅದಕ್ಕೆ ‘ಸಿ’ ಎಂಬ ಗುರುತಿರುತ್ತದೆ. ಗಾಡಿ ಮೊದಲು ಪೂರ್ತಿ ನಿಂತ ಮೇಲಷ್ಟೇ ಅದು ಕೆಲಸ ಮಾಡುತ್ತದೆ. ‘ನಿಧಾನವಾಗಿ, ಕಣ್ಣಲ್ಲಿ ಕಣ್ಣಿಟ್ಟು ಒಳಗೆ ಬಾ’ ಎನ್ನುವುದು ಅದರ ಅರ್ಥ. ನಿಲ್ದಾಣದೊಳಗೆ ಎಂಜಿನ್, ಬೋಗಿಗಳನ್ನು ಅತ್ತಿತ್ತ ಸರಿಸಲು ಇರುವ ಶಂಟಿಂಗ್ ಸಿಗ್ನಲ್ ನೆಲದ ಹತ್ತಿರ ಇರುತ್ತದೆ. ಎರಡು ಬಿಳಿ ದೀಪ ಅಡ್ಡಸಾಲಿನಲ್ಲಿದ್ದರೆ ನಿಲ್ಲು, ಓರೆಸಾಲಿನಲ್ಲಿದ್ದರೆ ಹೋಗು. ಹಳೆಯ ಕೈಮರದ ಅಡ್ಡ ಮತ್ತು ಓರೆಯ ನೆನಪು ಇಲ್ಲಿ ಇನ್ನೂ ಉಸಿರಾಡುತ್ತಿದೆ.

ಮೇನ್ ಲೈನ್, ಲೂಪ್ ಲೈನ್ ಎಂಬ ಮಾತುಗಳಿಗೆ ಅರ್ಥ ಹೇಳಬೇಕಾಗಿಲ್ಲ. ನೇರ ಹೋಗುವುದು ಮೇನ್, ಪಾಯಿಂಟಿನ ಮೇಲೆ ಹೊರಳಿ ಹೋಗಿ ಮತ್ತೆ ಕೂಡಿಕೊಳ್ಳುವುದು ಲೂಪ್. ಹೋಮ್ ಸಿಗ್ನಲ್‌ನ ನೆತ್ತಿಯ ಮೇಲೆ ಐದು ಬಿಳಿ ದೀಪಗಳ ಸಾಲು ಓರೆಯಾಗಿ ಹೊತ್ತಿದ್ದರೆ ಲೂಪ್‌ಗೆ ಹೊರಳಬೇಕು, ವೇಗವನ್ನು ಆ ಪಾಯಿಂಟಿಗೆ ಗೊತ್ತುಮಾಡಿದಂತೆ ಸಾಮಾನ್ಯವಾಗಿ ಗಂಟೆಗೆ 30 ಅಥವಾ 15 ಕಿ.ಮೀ.ಗೆ ಇಳಿಸಿರಬೇಕು. ಸಿಗ್ನಲ್ ಒಂದು ದಾರಿ ಹೇಳಿ, ಪಾಯಿಂಟ್ ಇನ್ನೊಂದು ದಾರಿಗೆ ತಿರುಗದಂತೆ ಇಬ್ಬರನ್ನೂ ಬಿಗಿಯುವ ವ್ಯವಸ್ಥೆಯೇ ಇಂಟರ್‌ಲಾಕಿಂಗ್. ಆ ಬಿಗಿ ತಪ್ಪಿದರೆ ಏನಾಗುತ್ತದೆ ಎಂಬುದನ್ನು 2023ರ ಜೂನ್ 2ರಂದು ಒಡಿಶಾದ ಬಹನಾಗಾ ಬಜಾರ್‌ನಲ್ಲಿ ದೇಶ ಕಂಡಿತು. ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮೇನ್ ಲೈನ್‌ನ ಸಿಗ್ನಲ್ ಇತ್ತು, ಪಾಯಿಂಟ್ ಲೂಪ್‌ನ ಕಡೆಗಿತ್ತು. 2024ರ ಅಕ್ಟೋಬರ್ 11ರಂದು ನಮ್ಮ ಮೈಸೂರಿನಿಂದ ಹೊರಟ ದರ್ಭಂಗದ ಬಾಗ್ಮತಿ ಎಕ್ಸ್‌ಪ್ರೆಸ್ ಕೂಡ ತಮಿಳುನಾಡಿನ ಕವರೈಪೆಟ್ಟೈಯಲ್ಲಿ ಮೇನ್ ಲೈನ್‌ಗೆ ಸಿಗ್ನಲ್ ಇದ್ದರೂ ಲೂಪ್‌ಗೆ ಹೊಕ್ಕು, ಅಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಗುದ್ದಿತು. ಎರಡರಲ್ಲೂ ಎಂಜಿನ್‌ನಲ್ಲಿ ಕುಳಿತವರು ಕಂಡದ್ದು ಹಸಿರನ್ನೇ.

‘ಕಾಷನ್ ಇದೆ’ ಎಂಬ ಮಾತು ಮೂರು ಬೇರೆ ಬೇರೆ ವಸ್ತುಗಳನ್ನು ಹೊತ್ತಿದೆ, ಆದ್ದರಿಂದ ಕೇಳಿದಾಗ ಯಾವುದೆಂದು ಬಿಡಿಸಿಕೊಳ್ಳಿ. ಒಂದು ಹಳದಿಯ ಸೂಚನೆಯ ಹೆಸರೇ ಕಾಷನ್. ಎಲ್ಲಿಂದ ಎಲ್ಲಿಗೆ ಎಷ್ಟು ವೇಗದಲ್ಲಿ ಹೋಗಬೇಕೆಂದು ಬರೆದು ಚಾಲಕರಿಗೂ ಟ್ರೈನ್ ಮ್ಯಾನೇಜರ್‌ಗೂ ಕೊಡುವ ಟಿ/409 ಕಾಗದ ಕಾಷನ್ ಆರ್ಡರ್. ಆ ಜಾಗಕ್ಕೆ ಮೊದಲೇ ಹಳಿಯ ಪಕ್ಕ ನೆಡುವ ಫಲಕ ಕಾಷನ್ ಇಂಡಿಕೇಟರ್. ಶ್ರೀರಂಗಪಟ್ಟಣದ ಕಾವೇರಿ ಸೇತುವೆಯ ಮೇಲೆ ದುರಸ್ತಿ ನಡೆದಿದೆ, ಅಲ್ಲಿ ಗಂಟೆಗೆ 20 ಕಿ.ಮೀ. ಎಂದು ಬರೆದಿದೆ ಎಂದುಕೊಳ್ಳೋಣ. ಎಂಜಿನ್ ಸೇತುವೆ ದಾಟಿದ ಕೂಡಲೇ ವೇಗ ಏರಿಸುವಂತಿಲ್ಲ, ಏಕೆಂದರೆ ಬಾಲ ಇನ್ನೂ ಸೇತುವೆಯ ಮೇಲಿರುತ್ತದೆ. ಅದಕ್ಕಾಗಿ ಮುಂದೆ ‘ಟಿ/ಪಿ’, ಇನ್ನೂ ಮುಂದೆ ‘ಟಿ/ಜಿ’ ಎಂಬ ಎರಡು ಫಲಕಗಳು. ಪ್ರಯಾಣಿಕರ ಗಾಡಿ ಗಿಡ್ಡ, ಅದರ ಎಂಜಿನ್ ಮೊದಲನೆಯದನ್ನು ಮುಟ್ಟುವ ಹೊತ್ತಿಗೆ ಬಾಲ ಹೊರಗೆ ಬಂದಿರುತ್ತದೆ. ಗೂಡ್ಸ್ ಉದ್ದ, ಅದು ಎರಡನೆಯದರ ತನಕ ತಾಳಬೇಕು. ಇದೇ ರೀತಿ ‘ಬ್ಲಾಕ್’ ಎಂಬುದಕ್ಕೂ ಎರಡು ಅರ್ಥ: ಬ್ಲಾಕ್ ಸೆಕ್ಷನ್ ಒಂದು, ದುರಸ್ತಿಗಾಗಿ ಲೈನನ್ನೇ ಇಷ್ಟು ಗಂಟೆ ಮುಚ್ಚಿಸಿಕೊಳ್ಳುವುದು ಇನ್ನೊಂದು.

ಹುದ್ದೆಗಳ ಹೆಸರಲ್ಲೂ ಹಳತು ಹೊಸತು ಬೆರೆತಿವೆ. ಡ್ರೈವರ್ ಈಗ ಲೋಕೋ ಪೈಲಟ್, ಗಾರ್ಡ್ 2022ರಿಂದ ಟ್ರೈನ್ ಮ್ಯಾನೇಜರ್. ಅಪ್, ಡೌನ್ ಎಂಬುದು ಏರು, ಇಳಿಜಾರಲ್ಲ. ಆಯಾ ಮಾರ್ಗಕ್ಕೆ ಗೊತ್ತುಮಾಡಿದ ದಿಕ್ಕು. ಹಳಿಯ ಪಕ್ಕದ ‘ಸಿ/ಫಾ’ ಎಂಬ ಫಲಕ ಹಿಂದಿಯ ಸೀಟಿ, ಫಾಟಕ್ ಎಂಬುದರ ಮೊದಲಕ್ಷರಗಳು. ಗೇಟು ಬರುತ್ತಿದೆ, ಉದ್ದನೆಯ ಸೀಟಿ ಹಾಕು ಎಂದು. ಎರಡು ಲೈನುಗಳು ಕೂಡುವಲ್ಲಿ ನಡುವೆ ಹುಗಿದಿರುವ ಗುರುತುಕಲ್ಲು ಫೌಲಿಂಗ್ ಮಾರ್ಕ್. ನಿಮ್ಮ ಗಾಡಿಯ ಬಾಲ ಅದನ್ನು ದಾಟಿ ಒಳಗೆ ಬಂದಿರದಿದ್ದರೆ ಪಕ್ಕದ ಲೈನಿನ ಗಾಡಿ ಉಜ್ಜುತ್ತದೆ.

ಇದನ್ನೆಲ್ಲ ಬಾಯಿಗೆ ತರುವ ದಾರಿ ನಿಮ್ಮ ಕೆಲಸದೊಳಗೇ ಇದೆ. ಎಂಜಿನ್‌ನಲ್ಲಿ ಸಿಗ್ನಲ್ ಕಂಡ ಕೂಡಲೇ ಅದರ ಹೆಸರನ್ನೂ ಸೂಚನೆಯನ್ನೂ ಇಬ್ಬರೂ ಒಬ್ಬರಿಗೊಬ್ಬರು ಗಟ್ಟಿಯಾಗಿ ಕೂಗಿ ಹೇಳಬೇಕೆಂಬುದು ನಿಯಮ. ‘ಹಳದಿ’ ಎಂದಷ್ಟೇ ಅಲ್ಲ, ‘ಹೋಮ್, ಒಂದು ಹಳದಿ, ಲೂಪ್’ ಎಂದು ಹೇಳುವ ಅಭ್ಯಾಸ ಮಾಡಿ. ಬಣ್ಣ ಹೇಳುವುದು ಸುಲಭ, ಹೆಸರು ಹೇಳಬೇಕಾದರೆ ನೀವು ಎಲ್ಲಿದ್ದೀರಿ ಎಂದು ಗೊತ್ತಿರಬೇಕು. ಪ್ರಯಾಣಿಕರಾಗಿ ಮಂಡ್ಯದಿಂದ ಮೈಸೂರಿಗೆ ಹೋಗುವಾಗಲೂ, ಬಾಗಿಲಲ್ಲಿ ನೇತಾಡದೆ, ಕಿಟಕಿಯ ಪಕ್ಕ ಕುಳಿತು ಕಂಬದ ಬಿಲ್ಲೆಗಳನ್ನು ಗುರುತಿಸುತ್ತ ಹೋಗಬಹುದು.

ಕೊನೆಯದಾಗಿ, ನೀವು ಕೇಳದಿದ್ದರೂ ನಿಮ್ಮ ಕೈಗೇ ಬರುವ ಒಂದು ಪದ: ಡಿಟೊನೇಟರ್. ನಮ್ಮವರು ಪಟಾಕಿ ಎನ್ನುತ್ತಾರೆ. ಹಳಿಯ ಮೇಲೆ ಕಟ್ಟಿದರೆ ಚಕ್ರ ಹಾದಾಗ ಸಿಡಿದು ಬರುವ ಗಾಡಿಯನ್ನು ಎಚ್ಚರಿಸುತ್ತದೆ. ನಿಮ್ಮ ಗಾಡಿ ಸೆಕ್ಷನ್ ಮಧ್ಯೆ ಅಪಘಾತಕ್ಕೀಡಾಗಿ ಪಕ್ಕದ ಹಳಿಗೂ ಅಡ್ಡವಾಗಿದ್ದರೆ, ಆ ಹಳಿಯಲ್ಲಿ ಬರುವ ಗಾಡಿಯನ್ನು ತಡೆಯಲು ಕೆಂಪು ಬಾವುಟ ಅಥವಾ ಕೆಂಪು ದೀಪ ಹಿಡಿದು ಮುಂದಕ್ಕೆ ಓಡಬೇಕಾದವರು ಸಹಾಯಕ ಲೋಕೋ ಪೈಲಟ್. ಹಿಂಬದಿಯನ್ನು ಟ್ರೈನ್ ಮ್ಯಾನೇಜರ್ ಕಾಯುತ್ತಾರೆ. ಬ್ರಾಡ್‌ಗೇಜ್‌ನಲ್ಲಿ 600 ಮೀಟರ್‌ನಲ್ಲಿ ಒಂದು ಪಟಾಕಿ, 1200 ಮೀಟರ್‌ನಲ್ಲಿ 10 ಮೀಟರ್ ಅಂತರಕ್ಕೊಂದರಂತೆ ಮೂರು. ಹೋಗುವಾಗ ಓಟ, ಕಟ್ಟಲು ಬಗ್ಗಿದಾಗ ನಡುಗುವ ಬೆರಳು. ಅದಕ್ಕೇ ತರಬೇತಿಯಲ್ಲಿ ಅದನ್ನು ಮತ್ತೆ ಮತ್ತೆ ಕಟ್ಟಿಸುತ್ತಾರೆ. ಅಡ್ಡಿ ತೆರವಾಗುವ ಮೊದಲೇ ನಿಮ್ಮನ್ನು ವಾಪಸು ಕರೆದರೆ, ದೂರದ ಮೂರನ್ನು ಅಲ್ಲೇ ಬಿಟ್ಟು, ಬರುವ ದಾರಿಯಲ್ಲಿ 600 ಮೀಟರಿನ ಒಂದನ್ನು ಮಾತ್ರ ಬಿಚ್ಚಿಕೊಂಡು ಬರಬೇಕು.